ಸಾಫ್ಟ್‌ಬಾಲ್ ಕೋಚ್ ಆಗಬೇಕು, ಒಂದು ಕಾಲೇಜು ಈಗಲೇ ಕರೆಯುತ್ತಿದೆ. ಸೇರಿಕೊಳ್ಳಲಾ ಅಥವಾ ಕೋಚಿಂಗ್ ಕೋರ್ಸ್ ಮಾಡಲಾ?

ಎರಡೂ ಬೇಡ. ಮೊದಲು ಬಿ.ಪಿ.ಎಡ್‌ಗೆ, ಅಂದ್ರೆ ದೈಹಿಕ ಶಿಕ್ಷಣದ ಪದವಿಗೆ, ಸೇರಿ.

ಬಿ.ಕಾಂ ಮುಗಿದಿದೆ, ಯೂನಿವರ್ಸಿಟಿಗೆ ಆಡಿದ್ದೀನಿ, ಗ್ರೌಂಡ್ ಬಿಟ್ಟಿರಲು ಆಗಲ್ಲ ಅಂತ ಬರೆದಿದ್ದೀರಿ. ಬಿ.ಕಾಂ ಮುಗಿಸಿದಾಗ ನನ್ನ ಸ್ಥಿತಿಯೂ ಇದೇ ಆಗಿತ್ತು. ಮೈಸೂರು ಕಡೆಯ ಒಂದು ಖಾಸಗಿ ಕಾಲೇಜಿನವರು ಕರೆದು, "ಹುಡುಗಿಯರ ಟೀಮ್ ಕಟ್ಟಿಕೊಡಮ್ಮ, ಗೌರವಧನ ಕೊಡ್ತೀವಿ" ಅಂದರು. ಅದೇ ವರ್ಷ ಬಿ.ಪಿ.ಎಡ್ ಸೀಟೂ ಸಿಕ್ಕಿತ್ತು. ನಾನು ಸೀಟು ಬಿಟ್ಟು ಟೀಮ್ ಹಿಡಿದೆ.

ಆ ಟೀಮಿನ ಬಗ್ಗೆ ಹೇಳಲೇಬೇಕು. ಅವರಲ್ಲಿ ಒಬ್ಬಳೂ ಸಾಫ್ಟ್‌ಬಾಲ್ ಮುಟ್ಟಿದವಳಲ್ಲ. ಖೋ ಖೋ ಆಡುತ್ತಿದ್ದವರನ್ನು ಇನ್‌ಫೀಲ್ಡ್‌ಗೆ, ಅಂದ್ರೆ ಬ್ಯಾಟ್ ಮಾಡುವವಳಿಗೆ ಹತ್ತಿರದ ಜಾಗಕ್ಕೆ, ಹಾಕಿದೆ. ಬಗ್ಗಿ ಏಳೋದು, ಓಡುತ್ತಲೇ ದಿಕ್ಕು ಬದಲಿಸೋದು ಅವರಿಗೆ ಮೊದಲೇ ಬರುತ್ತಿತ್ತು. ಜಾವೆಲಿನ್ ಎಸೆಯುತ್ತಿದ್ದವಳು ದೂರದ ಔಟ್‌ಫೀಲ್ಡ್‌ಗೆ ಹೋದಳು. ಕ್ರಿಕೆಟ್ ಹುಡುಗರು ಬರುವ ಮೊದಲೇ ಬೆಳಿಗ್ಗೆ ಎದ್ದು ಸುಣ್ಣದ ಪುಡಿಯಲ್ಲಿ ಡೈಮಂಡ್, ಅಂದ್ರೆ ಓಡುವಾಗ ಮುಟ್ಟುವ ನಾಲ್ಕು ಬೇಸ್‌ಗಳ ಚೌಕ, ಎಳೆಯುತ್ತಿದ್ದೆವು. ಬೇಸ್‌ನಿಂದ ಬೇಸ್‌ಗೆ 60 ಅಡಿ, ಚೆಂಡು ಎಸೆಯುವ ಪಿಚರ್‌ನಿಂದ ಬ್ಯಾಟ್ ಮಾಡುವ ಜಾಗವಾದ ಹೋಮ್ ಪ್ಲೇಟ್‌ಗೆ 43 ಅಡಿ. ಎಡಗೈ ಹುಡುಗಿಗೆ ಗ್ಲೌಸ್ ಹುಡುಕೋದೇ ಒಂದು ಕೆಲಸವಾಗಿತ್ತು.

ಎಲ್ಲಕ್ಕಿಂತ ಕಷ್ಟ ಅಂದ್ರೆ ಪಿಚರ್ ತಯಾರು ಮಾಡೋದು. ತೋಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಪಕ್ಕಕ್ಕೆ ಬಂದಾಗ ಚೆಂಡು ಬಿಡಬೇಕು. ವಿಂಡ್‌ಮಿಲ್ ಅಂತೀವಲ್ಲ, ಅದು. ಕೈಗೆ ಹತ್ತಲು ನನ್ನ ಅನುಭವದಲ್ಲಿ ಎರಡು ವರ್ಷ ಬೇಕು. ಡಿಗ್ರಿ ಇರೋದು ಮೂರು ವರ್ಷ. ಹುಡುಗಿ ಚೆನ್ನಾಗಿ ಪಿಚ್ ಮಾಡುವ ಹೊತ್ತಿಗೆ ಕಾಲೇಜು ಬಿಟ್ಟು ಹೋಗುವ ಸಮಯ. ಮತ್ತೆ ಹೊಸಬಳನ್ನು ಹಿಡಿದು ಮೊದಲಿನಿಂದ ಶುರು.

ನನ್ನ ತಪ್ಪು ಹುಟ್ಟಿದ್ದು ಇಲ್ಲೇ. ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಇದೇ ಲೆಕ್ಕ ಹಾಕುತ್ತಿದ್ದೀರಿ.

ಕೋರ್ಸ್ ಮುಂದಿನ ವರ್ಷವೂ ಇರುತ್ತೆ, ಈ ಹುಡುಗಿಯರು ಮುಂದಿನ ವರ್ಷ ಇರಲ್ಲ ಅಂದುಕೊಂಡೆ. ಮುಂದಿನ ವರ್ಷ ಬಂದಾಗ ಇನ್ನೊಂದು ಬ್ಯಾಚ್ ಅರ್ಧ ಕಲಿತು ನಿಂತಿತ್ತು. ಆಗಲೂ ಅದೇ ಮಾತು. ಹೀಗೆ ಪ್ರತಿ ಜೂನ್‌ನಲ್ಲೂ ಅರ್ಜಿ ಹಾಕುವುದನ್ನು ಮುಂದಕ್ಕೆ ಹಾಕಿದೆ. ಕೋಚ್ ಆದವಳಿಗೆ ಕೋಚಿಂಗ್ ಸರ್ಟಿಫಿಕೇಟ್ ಇದ್ದರೆ ಸಾಕು ಅಂತ ನಂಬಿ, ಬೇಸಿಗೆ ರಜೆಯಲ್ಲಿ ಎನ್‌ಐಎಸ್‌ನ (ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಆರು ವಾರದ ಕೋರ್ಸ್ ಮುಗಿಸಿದೆ. ಅದನ್ನು ಇಟ್ಟುಕೊಂಡು ಕಾಲೇಜಿನ ಕೆಲಸ ಕೇಳಬಹುದು ಅಂದುಕೊಂಡಿದ್ದೆ.

ಆದರೆ ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಾಫ್ಟ್‌ಬಾಲ್ ಕೋಚ್ ಅನ್ನೋ ಹುದ್ದೆಯೇ ಇರಲ್ಲ. ಇರೋದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ. ಯುಜಿಸಿ ನಿಯಮದ ಪ್ರಕಾರ ಅದಕ್ಕೆ ಎಂ.ಪಿ.ಎಡ್ (ಬಿ.ಪಿ.ಎಡ್ ಆದ ಮೇಲಿನ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಅಥವಾ ಅದಕ್ಕೆ ಸಮನಾದ ಸ್ನಾತಕೋತ್ತರ ಪದವಿಯಲ್ಲಿ 55% ಅಂಕ ಬೇಕು, ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ನನ್ನ ಬಿ.ಕಾಂ, ಆರು ವಾರದ ಸರ್ಟಿಫಿಕೇಟ್, ಟೀಮ್ ಗೆದ್ದ ಕಪ್‌ಗಳು, ಯಾವುದೂ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಸಂಬಳ ಹೋದರೆ ಹೋಯಿತು ಅಂತ ಇರುತ್ತಿದ್ದೆನೇನೋ. ಆದರೆ ಕಾಲೇಜಿಗೆ ಹೊಸ ನಿರ್ದೇಶಕರು ಬಂದರು. ದುಡ್ಡು ಕಡಿಮೆ, ಸಾಫ್ಟ್‌ಬಾಲ್ ಈ ವರ್ಷ ಬೇಡ ಅಂತ ತೀರ್ಮಾನ ಮಾಡಿದರು. ಆ ಮೀಟಿಂಗ್‌ಗೆ ನನ್ನನ್ನು ಕರೆಯಲೂ ಇಲ್ಲ. ಗೌರವಧನದ ಕೋಚ್‌ಗೆ ಅಲ್ಲೇನು ಕೆಲಸ ಹೇಳಿ? ಯಾವ ಹುಡುಗಿಯರಿಗಾಗಿ ಓದು ಬಿಟ್ಟಿದ್ದೆನೋ, ಓದಿಲ್ಲ ಅನ್ನೋ ಕಾರಣಕ್ಕೆ ಅವರ ಟೀಮ್ ಉಳಿಸಿಕೊಳ್ಳಲು ಆಗಲಿಲ್ಲ. ನನಗೆ ಇವತ್ತಿಗೂ ನೋವಾಗೋದು ಅದೊಂದೇ.

ಆಮೇಲೆ ಓದಿದೆ. ಮೊದಲ ಸಲ ಸೀಟು ಸಿಕ್ಕಾಗ ಬಿ.ಪಿ.ಎಡ್ ಒಂದೇ ವರ್ಷದ ಕೋರ್ಸ್. 2015ರಿಂದ ಎರಡು ವರ್ಷ ಆಯಿತು. ಅದಾದ ಮೇಲೆ ಎಂ.ಪಿ.ಎಡ್ ಇನ್ನೆರಡು ವರ್ಷ. ನನಗಿಂತ ತುಂಬಾ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂತು ಅನಾಟಮಿ ಓದಿದೆ. ಈಗ ಬೇರೊಂದು ಕಾಲೇಜಿನಲ್ಲಿ ನಿರ್ದೇಶಕಿ. ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್ ಎಲ್ಲ ನೋಡಿಕೊಳ್ಳಬೇಕು, ಬರೆಯುವ ಕೆಲಸ ಜಾಸ್ತಿ. ಆದರೆ ಸಾಫ್ಟ್‌ಬಾಲ್ ಟೀಮ್ ಇರಬೇಕಾ ಬೇಡವಾ ಅನ್ನೋ ಮಾತು ಬಂದರೆ ನನ್ನನ್ನು ಕೇಳದೆ ಮುಂದೆ ಹೋಗಲ್ಲ.

ಅಮೆರಿಕದ ಕಾಲೇಜು ಮ್ಯಾಚ್ ನೋಡಿ ಆಸೆ ಆಯಿತು ಅಂದಿರಿ. ನಾನೂ ನೋಡ್ತೀನಿ. ಅಲ್ಲಿ ಒಂದೇ ಆಟಕ್ಕೆ ಒಬ್ಬ ಹೆಡ್ ಕೋಚ್, ಅವರ ಕೆಳಗೆ ಸಹಾಯಕರು. ಕ್ಯಾರಲ್ ಹಚಿನ್ಸ್ ಮಿಶಿಗನ್ ಯೂನಿವರ್ಸಿಟಿಯಲ್ಲಿ 1985ರಿಂದ 2022ರವರೆಗೆ ಒಂದೇ ಟೀಮಿನ ಹೆಡ್ ಕೋಚ್ ಆಗಿದ್ದರು. ಆದರೆ ಅಲ್ಲೂ ಮೊದಲ ಮೆಟ್ಟಿಲು ಸುಲಭದ್ದಲ್ಲ. ದೊಡ್ಡ ಕಾಲೇಜುಗಳಲ್ಲೂ 2023ರವರೆಗೆ ಸಂಬಳವಿಲ್ಲದ 'ವಾಲಂಟಿಯರ್' ಸಹಾಯಕ ಕೋಚ್‌ಗಳು ಇರುತ್ತಿದ್ದರು. ಒಕ್ಲಹೋಮ ಯೂನಿವರ್ಸಿಟಿಯ ಹೆಸರಾಂತ ಸಾಫ್ಟ್‌ಬಾಲ್ ಕೋಚ್ ಪ್ಯಾಟಿ ಗ್ಯಾಸೊ ಮೊದಲು ಲಾಂಗ್ ಬೀಚ್‌ನ ಎರಡು ವರ್ಷದ ಕಾಲೇಜಿನಲ್ಲಿ ಕೋಚ್ ಆಗಿದ್ದವರು. 1995ರಲ್ಲಿ ಒಕ್ಲಹೋಮಕ್ಕೆ ಬಂದಾಗ ಅವರ ಟೀಮ್ ಊರಿನ ಸಾರ್ವಜನಿಕ ಪಾರ್ಕ್‌ನಲ್ಲಿ ಆಡುತ್ತಿತ್ತು. 2000ದಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಪಾರ್ಕ್‌ನಲ್ಲಿ ಆಡಿಸುವಾಗಲೂ ಅವರು ಕಾಲೇಜಿನ ಹೆಡ್ ಕೋಚೇ. ನಮಗೆ ಆ ಜಾಗ ಸಿಗೋದು ಎಂ.ಪಿ.ಎಡ್ ದಾರಿಯಲ್ಲಿ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸಾಫ್ಟ್‌ಬಾಲ್ ವಾಪಸ್ ಬರುತ್ತೆ, ಆಗ ಇಲ್ಲೂ ಕೆಲಸ ಹೆಚ್ಚುತ್ತೆ ಅನ್ನೋ ನಿಮ್ಮ ನಂಬಿಕೆಯನ್ನು ನಾನು ಒಪ್ಪಲ್ಲ. ಟೋಕಿಯೊದಲ್ಲೂ ಈ ಆಟ ಇತ್ತು, ಜಪಾನ್ ಚಿನ್ನ ಗೆದ್ದಿತು. ಅದರಿಂದ ನಮ್ಮ ಕಡೆ ಒಂದು ಹೊಸ ಹುದ್ದೆ ಬಂದಿದ್ದನ್ನೂ ನಾನು ನೋಡಲಿಲ್ಲ. ಒಲಿಂಪಿಕ್ಸ್ ನಂಬಿಕೊಂಡು ಓದು ಮುಂದೂಡಬೇಡಿ.

ಕೋಚಿಂಗ್ ಕೋರ್ಸ್ ಅಂದ್ರೆ, ಪಟಿಯಾಲದ ಎನ್‌ಐಎಸ್ ಡಿಪ್ಲೊಮಾ ಒಳ್ಳೆಯದೇ. ಎಂ.ಪಿ.ಎಡ್ ಆದ ಮೇಲೆ ಮಾಡಿ. ಆ ಕಾಲೇಜಿನವರಿಗೆ, ಸಂಜೆ ಹೊತ್ತು ಮಾತ್ರ ಬರ್ತೀನಿ, ಪರೀಕ್ಷೆ ಸಮಯದಲ್ಲಿ ಬರಲ್ಲ ಅಂತ ಈಗಲೇ ಹೇಳಿ. ಒಪ್ಪಿದರೆ ಹೋಗಿ. ಒಪ್ಪದಿದ್ದರೆ ಬಿಡಿ. ಮನಸ್ಸಿಗೆ ಕಷ್ಟ ಆಗುತ್ತೆ, ಆದರೂ ಬಿಡಿ.

ಇನ್ನೊಂದು. ಯೂನಿವರ್ಸಿಟಿಗೆ ಆಡಿದ ಸರ್ಟಿಫಿಕೇಟ್ ನಿಮ್ಮ ಕೈಯಲ್ಲಿ ಇದೆಯಾ? ನಿರ್ದೇಶಕರ ಹುದ್ದೆಗೆ ಆಡಿದ ದಾಖಲೆ ಕೇಳ್ತಾರೆ. ವರ್ಷ ಕಳೆದ ಮೇಲೆ ಹೋದರೆ ಹಳೇ ಫೈಲ್ ಹುಡುಕಿಸೋದು ಕಷ್ಟ. ಫಿಟ್‌ನೆಸ್ ಟೆಸ್ಟ್ ಕೂಡ ಇರುತ್ತೆ. 30 ವರ್ಷದ ಒಳಗಿನ ಮಹಿಳೆಯರು 8 ನಿಮಿಷದಲ್ಲಿ 1000 ಮೀಟರ್ ಮುಗಿಸಬೇಕು. ನಿಮಗೆ ಅದು ಕಷ್ಟವಲ್ಲ. ಸರ್ಟಿಫಿಕೇಟ್ ಮಾತ್ರ ಈ ವಾರವೇ ಹೋಗಿ ತೆಗೆದುಕೊಳ್ಳಿ.