ಪೋರ್ಟ್‌ಫೋಲಿಯೊ ಸೈಟಿಗೆ ಮರ್ನ್ ಸ್ಟ್ಯಾಕ್ ಬೇಕೇ?

ಪ್ರಶ್ನೆ: ದಾವಣಗೆರೆಯಲ್ಲಿ ಬಿಸಿಎ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಕ್ಯಾಂಪಸ್ ಪ್ಲೇಸ್‌ಮೆಂಟ್ ಶುರುವಾಗುವಷ್ಟರಲ್ಲಿ ನನ್ನದೊಂದು ಪೋರ್ಟ್‌ಫೋಲಿಯೊ ವೆಬ್‌ಸೈಟ್ ಮಾಡಿಕೊಳ್ಳಬೇಕು. ಎಚ್‌ಟಿಎಂಎಲ್, ಸಿಎಸ್‌ಎಸ್ ಗೊತ್ತು, ಜಾವಾಸ್ಕ್ರಿಪ್ಟ್ ಅಲ್ಪಸ್ವಲ್ಪ. ‘ಮರ್ನ್ ಸ್ಟ್ಯಾಕ್‌ನಲ್ಲಿ ಮಾಡಿದರೆ ಮಾತ್ರ ಬೆಲೆ’ ಅಂತಾರೆ ಸೀನಿಯರ್‌ಗಳು. ಕೋಡ್ ಬರೆಯದೆ ಸೈಟ್ ಕಟ್ಟುವ ವರ್ಡ್‌ಪ್ರೆಸ್ ಸಾಕು ಅಂತಾನೆ ಅಣ್ಣ. ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು 4 ಜಿಬಿ ರ‍್ಯಾಮ್, ನೆಟ್ ಮೊಬೈಲ್ ಹಾಟ್‌ಸ್ಪಾಟ್‌ನಿಂದ. ದುಡ್ಡು ಖರ್ಚು ಮಾಡುವ ಸ್ಥಿತಿ ಇಲ್ಲ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ನಿಮಗೆ ಗೊತ್ತಿರುವ ಎಚ್‌ಟಿಎಂಎಲ್, ಸಿಎಸ್‌ಎಸ್‌ನಲ್ಲೇ ಮಾಡಿ, ಪುಟಗಳನ್ನು ಉಚಿತವಾಗಿ ಆನ್‌ಲೈನ್‌ನಲ್ಲಿ ಇರಿಸುವ ಗಿಟ್‌ಹಬ್ ಪೇಜಸ್‌ನಲ್ಲಿ ಇಡಿ. ನಿಮ್ಮ ಲ್ಯಾಪ್‌ಟಾಪ್ ಹಳೆಯದೆಂದು ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು. ದೊಡ್ಡ ಕಂಪನಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು ಕೇಳಿದ್ದರೂ ಇದನ್ನೇ ಹೇಳುತ್ತಿದ್ದೆ.

ಪೋರ್ಟ್‌ಫೋಲಿಯೊದಲ್ಲಿ ಏನಿರುತ್ತದೆ ಎಂದು ಒಮ್ಮೆ ಯೋಚಿಸಿ. ನಿಮ್ಮ ಪರಿಚಯ, ಮೂರ್ನಾಲ್ಕು ಪ್ರಾಜೆಕ್ಟ್‌ಗಳ ವಿವರ, ರೆಸ್ಯೂಮೆ, ಸಂಪರ್ಕಕ್ಕೊಂದು ದಾರಿ. ಅಲ್ಲಿ ಯಾರೂ ಲಾಗಿನ್ ಆಗುವುದಿಲ್ಲ, ಯಾವ ಮಾಹಿತಿಯನ್ನೂ ಉಳಿಸಿಡಬೇಕಿಲ್ಲ, ನೋಡುವವರು ಬದಲಾದರೆ ಪುಟ ಬದಲಾಗಬೇಕಿಲ್ಲ. ಮರ್ನ್ ಎಂದರೆ ಮಾಂಗೊಡಿಬಿ, ಎಕ್ಸ್‌ಪ್ರೆಸ್, ರಿಯಾಕ್ಟ್, ನೋಡ್. ರಿಯಾಕ್ಟ್ ಪರದೆಯ ಮೇಲೆ ಕಾಣುವ ಭಾಗವನ್ನು ಕಟ್ಟುವ ಜಾವಾಸ್ಕ್ರಿಪ್ಟ್ ಸಲಕರಣೆ, ಉಳಿದವು ಅಂದರೆ ಒಂದು ಡೇಟಾಬೇಸ್, ಒಂದು ಸರ್ವರ್. ಇದ್ದ ಹಾಗೇ ಇರುವ ನಾಲ್ಕು ಪುಟಗಳಿಗೆ ಅವೆರಡನ್ನೂ ಸಾಕಬೇಕಾದ ಅಗತ್ಯವಿಲ್ಲ.

ಸಾಕುವುದು ಸುಲಭವೂ ಅಲ್ಲ. ಪುಕ್ಕಟೆ ಸರ್ವರ್‌ಗಳನ್ನು ನಂಬಿಕೊಂಡವರ ಪಾಡು ಏನಾಗುತ್ತದೆಂದು 2022ರ ನವೆಂಬರ್‌ನಲ್ಲಿ ಗೊತ್ತಾಯಿತು. ವಿದ್ಯಾರ್ಥಿಗಳ ಅಚ್ಚುಮೆಚ್ಚಿನ ಹೆರೋಕು ಆಗ ತನ್ನ ಉಚಿತ ಸೇವೆ ನಿಲ್ಲಿಸಿತು, ಅದನ್ನೇ ನೆಚ್ಚಿ ರೆಸ್ಯೂಮೆಗಳಲ್ಲಿ ಕೊಟ್ಟಿದ್ದ ಡೆಮೊ ಲಿಂಕ್‌ಗಳು ತೆರೆಯದಾದವು. ಈಗ ಹಲವರು ಬಳಸುವ ರೆಂಡರ್‌ನ ಉಚಿತ ಸರ್ವರ್ 15 ನಿಮಿಷ ಯಾರೂ ಬರದಿದ್ದರೆ ಮಲಗಿಬಿಡುತ್ತದೆ. ಮತ್ತೆ ಎದ್ದೇಳಲು ಸುಮಾರು ಒಂದು ನಿಮಿಷ ಬೇಕು. ರಾಶಿ ಅರ್ಜಿಗಳನ್ನು ಮುಂದಿಟ್ಟುಕೊಂಡ ಎಚ್‌ಆರ್ ಅಷ್ಟು ಹೊತ್ತು ಖಾಲಿ ಪರದೆ ನೋಡುತ್ತಾ ಕೂರುವುದಿಲ್ಲ. ಗಿಟ್‌ಹಬ್ ಪೇಜಸ್‌ನಲ್ಲಿ ಆ ತೊಂದರೆಯೇ ಇಲ್ಲ: ಫೈಲುಗಳು ಸಿದ್ಧವಾಗಿರುತ್ತವೆ, ಕೇಳಿದ ಕೂಡಲೇ ಹೋಗುತ್ತವೆ. ಒಂದು ಸೈಟಿಗೆ 1 ಜಿಬಿ ಜಾಗ, ತಿಂಗಳಿಗೆ 100 ಜಿಬಿ ವರೆಗೆ ಡೇಟಾ ಎಂಬ ಮಿತಿ ಇದೆ. ಪೋರ್ಟ್‌ಫೋಲಿಯೊ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಹಾಗಾದರೆ ರಿಯಾಕ್ಟ್ ಬೇಡವೇ? ಬೇಕು, ನಿಮಗೆ ಫ್ರಂಟ್‌ಎಂಡ್ (ಬಳಕೆದಾರರಿಗೆ ಕಾಣುವ ಭಾಗದ) ಕೆಲಸ ಬೇಕಿದ್ದರೆ ಖಂಡಿತ ಬೇಕು. ಆದರೆ ಅದನ್ನು ತೋರಿಸಬೇಕಾದ ಜಾಗ ಪ್ರಾಜೆಕ್ಟ್. ಪ್ರತಿ ಕ್ಲಿಕ್ಕಿಗೂ ಏನಾದರೂ ಬದಲಾಗಬೇಕಾದ ಒಂದು ನಿಜವಾದ ಕೆಲಸ ಹುಡುಕಿ. ಹಾಸ್ಟೆಲ್ ಮೆಸ್ಸಿನಲ್ಲಿ ನಾಳೆ ರಾತ್ರಿ ಊಟಕ್ಕೆ ಎಷ್ಟು ಜನ ಇರುತ್ತಾರೆ ಎಂದು ಲೆಕ್ಕ ಹಿಡಿಯುವ ಪುಟ್ಟ ಆ್ಯಪ್ ಸಾಕು. ಅದನ್ನು ರಿಯಾಕ್ಟ್‌ನಲ್ಲಿ ಮಾಡಿ, ಪೋರ್ಟ್‌ಫೋಲಿಯೊದಿಂದ ಲಿಂಕ್ ಕೊಡಿ, ಪಕ್ಕದಲ್ಲೇ ಎರಡು ಸ್ಕ್ರೀನ್‌ಶಾಟ್ ಹಾಕಿ. ಆಗ ಆ್ಯಪ್‌ನ ಸರ್ವರ್ ಮಲಗಿದ್ದರೂ ನಿಮ್ಮ ಕೆಲಸ ಕಾಣುತ್ತದೆ. ಹಳೆಯ ವಿಡಿಯೊ ಪಾಠಗಳು ರಿಯಾಕ್ಟ್ ಪ್ರಾಜೆಕ್ಟಿನ ಆರಂಭಿಕ ಕಡತಗಳನ್ನು ಸಿದ್ಧಮಾಡಿಕೊಡುವ ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನಿಂದ ಶುರುವಾಗುತ್ತವೆ. 2025ರ ಫೆಬ್ರುವರಿಯಲ್ಲಿ ರಿಯಾಕ್ಟ್ ತಂಡವೇ ಅದನ್ನು ಕೈಬಿಟ್ಟಿದೆ. ಅದೇ ಕೆಲಸ ಮಾಡುವ ವೀಟ್‌ನಿಂದ ಶುರು ಮಾಡಿ, ನಿಮ್ಮ 4 ಜಿಬಿ ಯಂತ್ರಕ್ಕೂ ಅದು ಹಗುರ.

ಇಡೀ ಪೋರ್ಟ್‌ಫೋಲಿಯೊವನ್ನೇ ರಿಯಾಕ್ಟ್‌ನಲ್ಲಿ ಮಾಡಿದವರು ಗಿಟ್‌ಹಬ್ ಪೇಜಸ್‌ಗೆ ಹಾಕಿದ ಮೇಲೆ ಒಂದು ವಿಚಿತ್ರ ಕಾಣುತ್ತಾರೆ. ಮುಖಪುಟದಿಂದ ಒಳಪುಟಕ್ಕೆ ಹೋದರೆ ಸರಿ, ಆದರೆ ಆ ಒಳಪುಟದಲ್ಲೇ ರಿಫ್ರೆಶ್ ಒತ್ತಿದರೆ 404, ಅಂದರೆ ‘ಪುಟ ಸಿಗಲಿಲ್ಲ’. ಒಳಪುಟಗಳ ವಿಳಾಸ ರಿಯಾಕ್ಟ್‌ಗೆ ಗೊತ್ತು. ಗಿಟ್‌ಹಬ್‌ನಲ್ಲಿ ಆ ಹೆಸರಿನ ಫೈಲೇ ಇಲ್ಲ. ಇದಕ್ಕೆ ಪರಿಹಾರಗಳಿವೆ. ಆದರೂ ಸಂದರ್ಶನದ ಹಿಂದಿನ ರಾತ್ರಿ ಹುಡುಕುತ್ತಾ ಕೂರುವ ಕೆಲಸ ಅದಲ್ಲ.

ಸರಳ ಎಚ್‌ಟಿಎಂಎಲ್‌ನಲ್ಲೂ ಒಂದು ಕಡೆ ಎಡವುತ್ತಾರೆ. ವಿಂಡೋಸ್‌ನಲ್ಲಿ ಫೈಲಿನ ಹೆಸರಿನ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಗಿಟ್‌ಹಬ್ ಪೇಜಸ್‌ನಲ್ಲಿ ಅವು ಬೇರೆ ಬೇರೆ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ ಫೋಟೊ ಆನ್‌ಲೈನ್‌ನಲ್ಲಿ ಮಾಯವಾಗುವುದು ಹೆಚ್ಚಾಗಿ ಇದರಿಂದ. ಎಲ್ಲ ಫೈಲುಗಳಿಗೂ ಮೊದಲಿನಿಂದಲೇ ಸಣ್ಣಕ್ಷರದ, ಜಾಗ ಬಿಡದ ಹೆಸರಿಡಿ.

ಉಳಿದ ಸಮಯವನ್ನು ಸಿಎಸ್‌ಎಸ್‌ಗೆ ಕೊಡಿ. ಪುಟದ ಭಾಗಗಳನ್ನು ಜೋಡಿಸುವ ಗ್ರಿಡ್, ಫ್ಲೆಕ್ಸ್‌ಬಾಕ್ಸ್ ಎರಡನ್ನು ಚೆನ್ನಾಗಿ ಕಲಿತರೆ ಸಿದ್ಧ ವಿನ್ಯಾಸ ಕೊಡುವ ಬೂಟ್‌ಸ್ಟ್ರ್ಯಾಪ್ ಇಲ್ಲದೆಯೇ ಈ ಸೈಟ್ ಮುಗಿಯುತ್ತದೆ. ಸಂದರ್ಶನದಲ್ಲಿ ‘ಈ ಭಾಗ ಹೇಗೆ ಮಾಡಿದಿರಿ’ ಎಂದು ಕೇಳಿದಾಗ ಪ್ರತಿ ಸಾಲಿಗೂ ನಿಮ್ಮಲ್ಲಿ ಉತ್ತರ ಇರುತ್ತದೆ. ಡೌನ್‌ಲೋಡ್ ಮಾಡಿಕೊಂಡ ಟೆಂಪ್ಲೇಟಿನಲ್ಲಿ ಆ ಧೈರ್ಯ ಸಿಗುವುದಿಲ್ಲ. ನಿಮ್ಮ ಲಿಂಕ್ ವಾಟ್ಸ್‌ಆ್ಯಪ್‌ನಲ್ಲಿ ಕೈಬದಲಾಗುತ್ತದೆ, ಮೊದಲು ತೆರೆಯುವುದು ಫೋನಿನಲ್ಲಿ. ಹಾಗಾಗಿ ಪುಟವನ್ನು ಫೋನಿನ ಅಗಲಕ್ಕೆ ಹೊಂದಿಸುವ ವ್ಯೂಪೋರ್ಟ್ ಟ್ಯಾಗ್ ಮರೆಯಬೇಡಿ. ಲಿಂಕಿನ ಜೊತೆ ಹೆಸರು, ಚಿತ್ರ ಕಾಣಲು ಓಪನ್ ಗ್ರಾಫ್ ಟ್ಯಾಗ್‌ಗಳನ್ನೂ ಹಾಕಿ. ಫೋನಿನಲ್ಲಿ ತೆಗೆದ ಫೋಟೊಗಳನ್ನು ಕಿರಿದು ಮಾಡಿ ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ಬದಲಿಸಿ. ಕ್ರೋಮ್‌ನಲ್ಲೇ ಇರುವ ಲೈಟ್‌ಹೌಸ್ ಓಡಿಸಿದರೆ ಎಲ್ಲಿ ನಿಧಾನ ಎಂದು ಅದೇ ತೋರಿಸುತ್ತದೆ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಮನೆ ವಿಳಾಸ, ಜನ್ಮದಿನಾಂಕ, ಅಂಕಪಟ್ಟಿಯ ಸ್ಕ್ಯಾನ್, ಆಧಾರ್ ಇವು ಯಾವುವೂ ಸೈಟಿನಲ್ಲಿ ಬೇಡ. ಫೋನ್ ನಂಬರೂ ಬೇಡ, ಇದಕ್ಕೆಂದೇ ತೆರೆದ ಒಂದು ಇಮೇಲ್ ಸಾಕು. ಸೈಟಿನಲ್ಲಿ ಹಾಕುವ ರೆಸ್ಯೂಮೆ ಪಿಡಿಎಫ್‌ನಿಂದಲೂ ಇವನ್ನು ತೆಗೆಯಿರಿ, ಹೆಣ್ಣುಮಕ್ಕಳಾದರೆ ಇನ್ನಷ್ಟು ಎಚ್ಚರ ಇರಲಿ. ಹಾಗೆಯೇ ಪ್ರಾಜೆಕ್ಟಿನ ಎಪಿಐ ಕೀ (ಬೇರೆ ಸೇವೆಯನ್ನು ಬಳಸಲು ಸಿಗುವ ಗುಪ್ತ ಸಂಕೇತ) ಗಿಟ್‌ಹಬ್‌ಗೆ ಹೋದರೆ, ಆಮೇಲೆ ಫೈಲಿನಿಂದ ಅಳಿಸಿದರೂ ಹಳೆಯ ಕಮಿಟ್‌ಗಳಲ್ಲಿ, ಅಂದರೆ ಹಿಂದಿನ ಬದಲಾವಣೆಗಳ ದಾಖಲೆಯಲ್ಲಿ, ಉಳಿದಿರುತ್ತದೆ. ಅಂಥ ಕೀಯನ್ನು ರದ್ದು ಮಾಡಿ ಹೊಸದು ಪಡೆಯಲೇಬೇಕು.

ನಿಮ್ಮಣ್ಣ ಹೇಳಿದ ವರ್ಡ್‌ಪ್ರೆಸ್ ಒಳ್ಳೆಯದೇ, ನಿಮ್ಮ ಅಗತ್ಯಕ್ಕಲ್ಲ. ಅದನ್ನು ಸ್ವಂತವಾಗಿ ನಡೆಸಲು ಪಿಎಚ್‌ಪಿ, ಡೇಟಾಬೇಸ್ ಇರುವ ಹೋಸ್ಟಿಂಗ್ ಬೇಕು, ಅದಕ್ಕೆ ದುಡ್ಡು ಬೇಕು. ಯಾರಿಗೆ ಅದು ಹೊಂದುತ್ತದೆ ಎಂಬುದಕ್ಕೆ ಮುಂದಿನ ಪತ್ರ ನೋಡಿ.

ಪ್ರಶ್ನೆ: ಧಾರವಾಡದಲ್ಲಿ ಪತ್ರಿಕೋದ್ಯಮ ಎಂ.ಎ. ಮಾಡುತ್ತಿದ್ದೇನೆ. ನನ್ನ ಕನ್ನಡ ಲೇಖನಗಳನ್ನೆಲ್ಲ ಒಂದೆಡೆ ಇಡಬೇಕು. ಎಲ್ಲವೂ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು, ವೆಬ್‌ಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಕೋಡಿಂಗ್ ಬರುವುದಿಲ್ಲ.

ಉತ್ತರ: ನಿಮಗೆ ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಉಚಿತ ಖಾತೆ ಸರಿ. ಬರಹ ಹೆಚ್ಚುತ್ತಾ ಹೋಗುವವರಿಗೆ ವಿಭಾಗ, ದಿನಾಂಕ, ಹುಡುಕಾಟ ಎಲ್ಲ ಅದರಲ್ಲೇ ಇರುತ್ತದೆ.

ಆದರೆ ಮೊದಲು ಅಕ್ಷರದ ಕೆಲಸ ಮುಗಿಸಬೇಕು. ನುಡಿಯ ಹಳೆಯ ಫಾಂಟ್‌ಗಳಲ್ಲಿ ಕಡತದೊಳಗೆ ಕನ್ನಡವೇ ಇರುವುದಿಲ್ಲ. ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಆ ಫಾಂಟ್ ಇಲ್ಲದ ಫೋನಿನಲ್ಲಿ ಅಸಲು ಹೊರಬೀಳುತ್ತದೆ, ಗೂಗಲ್‌ನಲ್ಲಿ ಹುಡುಕಿದರೂ ನಿಮ್ಮ ಲೇಖನ ಸಿಗುವುದಿಲ್ಲ. ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಆನ್‌ಲೈನ್‌ನಲ್ಲಿವೆ. ಬದಲಿಸಿದ ಮೇಲೆ ಪ್ರತಿ ಲೇಖನವನ್ನೂ ಕಣ್ಣಿಟ್ಟು ಓದಿ. ಅರ್ಕಾವತ್ತು, ಒತ್ತಕ್ಷರ, ದೀರ್ಘಗಳು ಆ ದಾರಿಯಲ್ಲಿ ಅದಲುಬದಲಾಗುತ್ತವೆ. ಇನ್ನು ಮುಂದೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ.

ಸೈಟಿನ ಭಾಷೆಯನ್ನು ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಎಂದು ಆರಿಸಿ. ಫಾಂಟ್ ಆರಿಸಲು ಬಂದರೆ ಓದಿಗೆ ನೋಟೊ ಸಾನ್ಸ್ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ ಇರಲಿ, ತಲೆಬರಹಕ್ಕೆ ‘ಬಾಲೂ ತಮ್ಮ’ ಎಂಬ ಫಾಂಟ್ ಚೆಂದ. ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಗಾತ್ರದ 1.7 ಪಟ್ಟಿನಷ್ಟು ಇಡಿ. ಇಂಗ್ಲಿಷ್‌ಗೆಂದು ಮಾಡಿದ ಥೀಮ್‌ಗಳಲ್ಲಿ ಸಾಲು ಒತ್ತಾಗಿದ್ದು, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಪತ್ರಿಕೆಯಲ್ಲಿ ಅಚ್ಚಾದ ಲೇಖನದ ಫೋಟೊ ಮಾತ್ರ ಹಾಕಿ ಬಿಡಬೇಡಿ, ಚಿತ್ರದೊಳಗಿನ ಅಕ್ಷರವನ್ನು ಫೋನಿನಲ್ಲಿ ಓದುವುದು ಕಷ್ಟ. ಪತ್ರಿಕೆಯ ಹೆಸರು, ಪ್ರಕಟವಾದ ದಿನಾಂಕ ಬರೆದು ಅವರ ಜಾಲತಾಣದ ಲಿಂಕ್ ಕೊಡಿ. ಪೂರ್ಣಪಾಠವನ್ನೇ ಮರುಪ್ರಕಟಿಸುವುದಿದ್ದರೆ ಸಂಪಾದಕರಿಗೊಂದು ಇಮೇಲ್ ಬರೆದು ಒಪ್ಪಿಗೆ ಪಡೆಯಿರಿ.