ಪ್ಲೂಟೊ ಚಿಕ್ಕದು ಅಂತ ಗ್ರಹಗಳ ಪಟ್ಟಿಯಿಂದ ತೆಗೆದರಾ?

ಇದೇ ಪ್ರಶ್ನೆಯನ್ನು ನನ್ನ ಅಕ್ಕನ ಮಗಳೂ ಕೇಳಿದ್ದಳು. ಮುಂಬೈನ ವರ್ಲಿಯ ನೆಹರೂ ತಾರಾಲಯ ನೋಡಿಕೊಂಡು, ದಾದರ್‌ನಲ್ಲಿ ಡೊಂಬಿವಲಿಯ ಫಾಸ್ಟ್ ಲೋಕಲ್ ರೈಲು ಹತ್ತಿ, ಆ ನೂಕುನುಗ್ಗಲಲ್ಲಿ ಇಬ್ಬರೂ ಒಂದೊಂದು ಕಾಲು ಊರಿಕೊಂಡು ನಿಂತಿದ್ದಾಗ.

ಬರೀ ಗಾತ್ರ ಕಾರಣ ಅಲ್ಲ. 2006ರಲ್ಲಿ ಪ್ರಾಗ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಗ್ರಹಕ್ಕೆ ಮೂರು ಷರತ್ತು ಇಟ್ಟಿತು: ಸೂರ್ಯನನ್ನು ಸುತ್ತಬೇಕು, ತನ್ನದೇ ಗುರುತ್ವದಿಂದ ಉಂಡೆಯಾಗಿರಬೇಕು, ತನ್ನ ದಾರಿಯನ್ನು ಖಾಲಿ ಮಾಡಿಕೊಂಡಿರಬೇಕು. ಪ್ಲೂಟೊ ಮೂರನೆಯದರಲ್ಲಿ ಫೇಲ್. ಅದರ ಆಚೀಚೆ, ನೆಪ್ಚೂನ್ ಆಚೆಗಿನ ಕೈಪರ್ ಪಟ್ಟಿ ಅನ್ನೋ ವಲಯದ ಹಿಮದ ಕಾಯಗಳು ಬೇಕಾದಷ್ಟಿವೆ. "ನಮ್ಮ ಈ ರೈಲು ಡಬ್ಬಿ ಥರಾನಾ ಮಾಮ?" ಅಂದಳು. ಹೆಚ್ಚುಕಡಿಮೆ ಹಾಗೇ, ಆದರೆ ಅಲ್ಲಿ ಒಂದಕ್ಕೊಂದು ಕೋಟಿಗಟ್ಟಲೆ ಕಿಲೋಮೀಟರ್ ದೂರ, ಮೊಣಕೈ ತಿವಿತ ಇಲ್ಲ!

ನಿಜವಾದ ತಲೆನೋವು ತಂದಿದ್ದು ಎರಿಸ್ ಅನ್ನೋ ಇನ್ನೊಂದು ದೂರದ ಕಾಯ. 2005ರಲ್ಲಿ ಪತ್ತೆಯಾದ ಇದರ ಅಡ್ಡಳತೆ ಪ್ಲೂಟೊಗಿಂತ ಚೂರು ಕಮ್ಮಿ, ದ್ರವ್ಯರಾಶಿ ಮಾತ್ರ ಜಾಸ್ತಿ. ಪ್ಲೂಟೊ ಗ್ರಹ ಅಂದರೆ ಇದನ್ನೂ ಗ್ರಹ ಅನ್ನಬೇಕಲ್ವಾ? ಎರಿಸ್ ಅಂದರೆ ಗ್ರೀಕರ ಜಗಳದ ದೇವತೆ, ಹೆಸರಿಟ್ಟವರು ಸುಮ್ನೆ ಇಟ್ಟಿಲ್ಲ.

ಗ್ರಹದ ಪಟ್ಟ ಕಳೆದುಕೊಂಡಿದ್ದು ಪ್ಲೂಟೊ ಮೊದಲನೆಯದೂ ಅಲ್ಲ. 1801ರಲ್ಲಿ ಮಂಗಳ ಮತ್ತು ಗುರುವಿನ ನಡುವೆ ಸಿಕ್ಕ ಸೆರೆಸ್ ಅನ್ನು ದಶಕಗಳ ಕಾಲ ಗ್ರಹ ಅಂತಲೇ ಎಣಿಸುತ್ತಿದ್ದರು. ಅಕ್ಕಪಕ್ಕ ಅಂಥವೇ ಸಾಲುಸಾಲಾಗಿ ಸಿಕ್ಕ ಮೇಲೆ ಅದು ಕ್ಷುದ್ರಗ್ರಹ ಆಯಿತು, 2006ರಲ್ಲಿ ಪ್ಲೂಟೊ ಜೊತೆ ಕುಬ್ಜ ಗ್ರಹ, ಅಂದರೆ ಮೊದಲೆರಡು ಷರತ್ತಲ್ಲಿ ಪಾಸ್, ಮೂರನೆಯದರಲ್ಲಿ ಫೇಲ್ ಆದದ್ದು. ಪ್ಲೂಟೊಗೆ ಹಿಂಬಡ್ತಿ, ಇದಕ್ಕೆ ಬಡ್ತಿ.

ಈ ವ್ಯಾಖ್ಯೆ ಒಪ್ಪದ ವಿಜ್ಞಾನಿಗಳು ಈಗಲೂ ಇದ್ದಾರೆ, ಉಂಡೆಯಾಗಿದ್ದರೆ ಸಾಕು ಅನ್ನುತ್ತಾರೆ. ನನಗಂತೂ ಮೂರನೇ ಷರತ್ತು ಸಡಿಲ ಅನಿಸುತ್ತದೆ, ಎಷ್ಟು ಖಾಲಿಯಾದರೆ ಖಾಲಿ ಅಂತ ಅದರಲ್ಲಿ ಬರೆದೇ ಇಲ್ಲ.