ಎದೆಯ ಆಪರೇಷನ್‌ಗೆ ಕಾಲಿಗೆ ಯಾಕೆ ವೈರು?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಎದೆಯಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ ಊದಿಕೊಂಡಿದೆ, ಆ ಭಾಗ ತೆಗೆದು ಕೃತಕ ನಾಳ ಹಾಕಬೇಕಂತೆ. ಕಾಲಿನ ಸ್ವಾಧೀನ ಹೋಗಬಹುದು ಎಂದು ಬರೆದ ಕಾಗದಕ್ಕೆ ಸಹಿ ಕೇಳಿದ್ದಾರೆ. ತಲೆಗೂ ಕಾಲಿಗೂ ವೈರು ಹಾಕಿ ನರದ ಸಿಗ್ನಲ್ ನೋಡುತ್ತಾರಂತೆ. ಇದರಿಂದ ನಿಜವಾಗಿ ಉಪಯೋಗ ಇದೆಯಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇದೆ. ಆ ಸಹಿ ಹಾಕುವಾಗ ಮನೆಯವರ ಮುಖ ಹೇಗಾಗುತ್ತದೆ ಎಂದು ಅರಿವಳಿಕೆ ವೈದ್ಯೆಯಾಗಿ ನಾನು ತುಂಬಾ ಸಲ ನೋಡಿದ್ದೇನೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಹೊಸ ನಾಳ ಹೊಲಿಯುವಾಗ ಕ್ಲ್ಯಾಂಪ್ ಹಾಕಿ ರಕ್ತ ನಿಲ್ಲಿಸಬೇಕಾಗುತ್ತದೆ. ಬೆನ್ನುಹುರಿಗೆ ರಕ್ತ ಕೊಡುವ ಸಣ್ಣ ಕವಲುಗಳು ಹೊರಡುವುದು ಇದೇ ದೊಡ್ಡ ನಾಳದಿಂದ. ಹುರಿಯ ಮುಂಭಾಗದ ಮೂರನೇ ಎರಡು ಪಾಲಿಗೆ ಉದ್ದಕ್ಕೂ ಇರುವುದು ಒಂದೇ ಒಂದು ತೆಳು ನಾಳ. ಕೆಳಭಾಗದಲ್ಲಿ ಅದಕ್ಕೆ ರಕ್ತ ತುಂಬುವ ಮುಖ್ಯ ಕವಲನ್ನು 1882ರಲ್ಲಿ ವಿವರಿಸಿದ ಆಲ್ಬರ್ಟ್ ಆಡಂಕೀವಿಚ್ ಹೆಸರಿನಲ್ಲೇ ಇವತ್ತಿಗೂ ಕರೆಯುತ್ತೇವೆ. ಹೆಚ್ಚಿನವರಲ್ಲಿ ಅದು ಎಡಗಡೆ ಇರುತ್ತದೆ, ಆದರೆ ಯಾವ ಮಟ್ಟದಲ್ಲಿ ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ನಿಮ್ಮ ಕಡೆ ಭದ್ರಾ ನಾಲೆಯಲ್ಲಿ ಮೇಲೆಲ್ಲೋ ನೀರು ನಿಂತರೆ ಕೊನೆ ಭಾಗದ ಗದ್ದೆ ಒಣಗುತ್ತದೆ ಅಲ್ವಾ, ಹಾಗೇ ಇದು. 1993ರಲ್ಲಿ ಅಮೆರಿಕದಲ್ಲಿ ಸರ್ಜನ್ ಕ್ರಾಫರ್ಡ್ ಅವರ ತಂಡ ಈ ಥರದ ಆಪರೇಷನ್ ಆದ 1,509 ರೋಗಿಗಳ ಲೆಕ್ಕ ಕೊಟ್ಟಾಗ ನೂರಕ್ಕೆ 16 ಮಂದಿಯ ಕಾಲಿನ ಬಲ ಪೂರ್ತಿಯೋ ಸ್ವಲ್ಪವೋ ಹೋಗಿತ್ತು.

ಅರಿವಳಿಕೆಯಲ್ಲಿ ಇರುವವರಿಗೆ ಕಾಲಾಡಿಸಿ ಎಂದು ಹೇಳಲು ಆಗುವುದಿಲ್ಲ. ಅದಕ್ಕೇ ನೇರವಾಗಿ ನರವನ್ನೇ ಕೇಳುತ್ತೇವೆ. ಪಾದದ ಗಂಟಿನ ಹತ್ತಿರ ನರಕ್ಕೆ ಸಣ್ಣ ಕರೆಂಟ್ ಕೊಟ್ಟರೆ ಸುಮಾರು 40 ಮಿಲಿಸೆಕೆಂಡಿನಲ್ಲಿ ನೆತ್ತಿಯ ಹತ್ತಿರ ಅಲೆ ಕಾಣುತ್ತದೆ. ಇದು ಎಸ್‌ಎಸ್‌ಇಪಿ. ತೊಂದರೆ ಏನೆಂದರೆ ಈ ಸಿಗ್ನಲ್ ಹತ್ತುವುದು ಹುರಿಯ ಹಿಂಭಾಗದಲ್ಲಿ, ನಮಗೆ ಜಾಸ್ತಿ ಭಯ ಇರುವುದು ಮುಂಭಾಗದ್ದು. ಮೇಲಾಗಿ ನೂರಾರು ಸಲದ ಸಿಗ್ನಲ್ ಕೂಡಿಸಿ ಸರಾಸರಿ ತೆಗೆಯಬೇಕು, ಅಷ್ಟರಲ್ಲಿ ಸಮಯ ಹೋಗುತ್ತದೆ. ಇನ್ನೊಂದು ಎಂಇಪಿ. ನೆತ್ತಿಗೆ ಕರೆಂಟ್ ಕೊಟ್ಟು ಕಾಲಿನ ಸ್ನಾಯು ಮಿಡಿಯುತ್ತದೆಯೇ ಎಂದು ನೋಡುವುದು. ಚಲನೆಯ ನರಕೋಶಗಳು ಮುಂಭಾಗದಲ್ಲೇ ಇರುವುದರಿಂದ ರಕ್ತ ಕಡಿಮೆಯಾದ ಕೆಲವೇ ನಿಮಿಷಗಳಲ್ಲಿ ಇದು ಕುಗ್ಗುತ್ತದೆ. ಎಸ್‌ಎಸ್‌ಇಪಿ ಒಂದೇ ಇದ್ದರೆ ಸಾಲದು ಅನ್ನುವುದು ನನ್ನ ಅಭಿಪ್ರಾಯ. ಎಂಇಪಿಯೂ ಇದೆಯಾ ಎಂದು ಸಂಕೋಚ ಇಲ್ಲದೆ ಕೇಳಿ.

ಸಿಗ್ನಲ್ ಬಿದ್ದರೆ ಸುಮ್ನೆ ನೋಡುತ್ತಾ ಕೂರುವುದಿಲ್ಲ. ಬಿಪಿ ಏರಿಸುತ್ತೇವೆ. ಸೊಂಟದಲ್ಲಿ ಹಾಕಿದ ತೆಳು ಕೊಳವೆಯಿಂದ ಹುರಿಯ ಸುತ್ತಲಿನ ನೀರು ಸ್ವಲ್ಪ ಹೊರಗೆ ಬಿಡುತ್ತೇವೆ, ಒತ್ತಡ ಇಳಿದರೆ ರಕ್ತ ಸುಲಭವಾಗಿ ಒಳಗೆ ಹೋಗುತ್ತದೆ. ಸರ್ಜನ್ ಮುಖ್ಯ ಕವಲುಗಳನ್ನು ಹೊಸ ನಾಳಕ್ಕೆ ಹೊಲಿಯುತ್ತಾರೆ. ನೀರು ತೆಗೆಯುವುದರಿಂದಲೇ ಎಷ್ಟು ವ್ಯತ್ಯಾಸ ಅಂದರೆ, 2002ರಲ್ಲಿ ಪ್ರಕಟವಾದ 145 ರೋಗಿಗಳ ಅಧ್ಯಯನದಲ್ಲಿ ಕಾಲಿನ ಬಲ ಹೋಗುವುದು ನೂರಕ್ಕೆ 13ರಿಂದ 2.6ಕ್ಕೆ ಇಳಿದಿತ್ತು.

ಸಿಗ್ನಲ್ ಬೀಳುವುದಕ್ಕೆ ಬೇರೆ ಕಾರಣವೂ ಇರಬಹುದು. ಒಮ್ಮೆ ನಮ್ಮ ಥಿಯೇಟರ್‌ನಲ್ಲಿ ಎಡಗಾಲಿನದ್ದು ಮಾತ್ರ ಮಾಯವಾಯಿತು, ನೋಡಿದರೆ ತೊಡೆಸಂದಿಯ ರಕ್ತನಾಳಕ್ಕೆ ಹಾಕಿದ್ದ ಕೊಳವೆ ಅಡ್ಡವಾಗಿ ಆ ಕಾಲಿಗೇ ರಕ್ತ ಹೋಗುತ್ತಿರಲಿಲ್ಲ. ಅರಿವಳಿಕೆ ಗ್ಯಾಸ್ ಜಾಸ್ತಿಯಾದರೂ ಕುಗ್ಗುತ್ತದೆ. ಹೋಲಿಸಿ ನೋಡಲು ಕೈಗೂ ವೈರು ಹಾಕುವುದು ಇದಕ್ಕೇ.

ಒಂದು ಮಾತು ಮರೆಯಬೇಡಿ. ಎಚ್ಚರವಾದಾಗ ಸರಿ ಇದ್ದ ಕಾಲು ಕೆಲವು ಗಂಟೆ ಅಥವಾ ದಿನದ ನಂತರವೂ ಸೋಲಬಹುದು. ಐಸಿಯುಗೆ ಹೋದಾಗಲೆಲ್ಲ ತಂದೆಯವರಿಗೆ ಕಾಲಾಡಿಸಲು ಹೇಳಿ. ಬಲ ಕಡಿಮೆ ಅನಿಸಿದರೆ ಆ ಕ್ಷಣವೇ ನರ್ಸ್‌ಗೆ ತಿಳಿಸಿ, ರೌಂಡ್ಸ್‌ವರೆಗೆ ಕಾಯಬೇಡಿ.

ಪ್ರಶ್ನೆ: ಮಗಳಿಗೆ 14 ವರ್ಷ, ಸೊಟ್ಟಗಾದ ಬೆನ್ನುಮೂಳೆ ನೆಟ್ಟಗೆ ಮಾಡಬೇಕಂತೆ. ಆಪರೇಷನ್ ಮಧ್ಯೆ ಎಬ್ಬಿಸುತ್ತಾರೆ ಅನ್ನುವುದು ನಿಜವಾ?
– ಒಬ್ಬ ತಾಯಿ, ಹಾಸನ

ಉತ್ತರ: ಹಿಂದೆ ಅದೇ ದಾರಿ ಇತ್ತು. ಫ್ರಾನ್ಸ್‌ನ ಸ್ಟಾನ್ಯಾರಾ ಮತ್ತು ಸಂಗಡಿಗರು 1973ರಲ್ಲಿ ಅದನ್ನು ಪ್ರಕಟಿಸಿದರು. ಅರಿವಳಿಕೆ ಹಗುರ ಮಾಡಿ ಕಾಲಾಡಿಸಲು ಹೇಳುವುದು. ಈಗ ಸಿಗ್ನಲ್ ನೋಡುವುದರಿಂದ ಅದು ಅಪರೂಪ. ಸಿಗ್ನಲ್ ಬಿದ್ದು, ಮೂಳೆ ನೆಟ್ಟಗೆ ಹಿಡಿಯುವ ರಾಡು ಸಡಿಲಿಸಿ ಬಿಪಿ ಏರಿಸಿದರೂ ಅನುಮಾನ ಉಳಿದರೆ ಎಬ್ಬಿಸಬಹುದು. ನೋವಿನ ಔಷಧಿ ಆಗಲೂ ಇರುತ್ತದೆ. ಮಗಳಿಗೆ ಮೊದಲೇ ತಿಳಿಸಿ ಇಡಿ, ಹೆದರುವುದಿಲ್ಲ. ಅವಳಿಗೆ ಫಿಟ್ಸ್ ಬಂದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಸಿಗ್ನಲ್ ನೋಡಲು ನೆತ್ತಿಗೆ ಕರೆಂಟ್ ಕೊಟ್ಟಾಗ ದವಡೆ ಬಿಗಿಯುತ್ತದೆ, ನಾಲಿಗೆ ಕಚ್ಚದಂತೆ ಬಾಯಲ್ಲಿ ಬಟ್ಟೆಯ ಸುರುಳಿ ಇಟ್ಟಿರುತ್ತಾರೆ.